ಹೊಟ್ಟಿ ಮತ್ತ ಬಟ್ಟಲ ಕೂಡಸೋ ನೌಕರಿ

ನಮ್ಮ ವರ್ಕ್‌ಶಾಪಿನಾಗ ಒಂದು ದಿನ ಸುಮ್ನ ಹೋತಂದ್ರ ಅವತ್ತು ರಜಾ ಅಂತ ತಿಳ್ಕೋರಿ! ನಾ ಬಸವಕಲ್ಯಾಣದಾಕಿ, ಐಟಿಐ ಮುಗಿಸೇನಿ, ದಿನಾ ಬಸ್ ಹಿಡದು ಹುಮನಾಬಾದಿಗೆ ಹೋಗ್ತೇನಿ. ಕೆಲಸ ಏನಂದ್ರ, ದೊಡ್ಡ ಬೋಲ್ಟಿನ ಕೆಳಗ ಹಾಕೋ ಜೋಡಿ ವಾಶರ್ ತಿಕ್ಕೂದು. ಒಂದರ ಹೊಟ್ಟಿ ಉಬ್ಬಿರ್ತದ, ಇನ್ನೊಂದು ಬಟ್ಟಲದಂಗ ತಗ್ಗು. ಎರಡೂ ಚೂರೂ ಸಂದಿ ಇಲ್ದಂಗ ಕೂಡಬೇಕು. ಪುಣೆದಿಂದ ಬರೋ ಇನ್ಸ್‌ಪೆಕ್ಟರ್ ನನ್ನ ಮಾಲು ಪಾಸ್ ಮಾಡಿದ್ರ ನೌಕರಿ ಪಕ್ಕಾ, ಇಲ್ಲಂದ್ರ ಸೀದಾ ಮನಿಗೆ ಅಂತ ಮಾಲಕ್ರು ಮೊದಲೇ ಹೇಳಿಬಿಟ್ಟಿದ್ರು.

೧. ನೀಲಿ

ಉಬ್ಬಿಗೆ ತೆಳ್ಳಗ ನೀಲಿ ಬಣ್ಣ ಹಚ್ಚಿ ತಗ್ಗಿನಾಗ ಇಟ್ಟು ತಿರುಗಿಸ್ಬೇಕು. ಎಲ್ಲಿ ತಾಕ್ತದೋ ಅಲ್ಲಿ ನೀಲಿ ಹತ್ತತದ. ನನ್ನ ಮೊದಲ ಜೋಡಿಗೆ ಹತ್ತಿದ್ದು ಬರೇ ಒಂದು ಚುಕ್ಕಿ! ಮತ್ತೇನ್ ಮಾಡ್ಲಿ, ಬೆರಳ ತುಂಬ ನೀಲಿ ಬಳದು ಒತ್ತಿದೆ. ಪೂರಾ ನೀಲಿ! ಕೆಲಸ ಕಲಸೋ ಮಿಸ್ತ್ರಿ ಚಾಚಾನ ಕಡಿ ಓಡಿದೆ.

"ನೋಡ್ರಿ ಚಾಚಾ, ಎಲ್ಲಾ ಕಡಿ ಕೂತದ!"

ಚಾಚಾ ಚಷ್ಮಾ ಏರಿಸಿ ವಾಶರ್ ನೋಡಿದ್ರು, ಆಮ್ಯಾಲ ನನ್ನ ಮಾರಿ ನೋಡಿದ್ರು.

"ಹೌದವ್ವಾ, ಮಸ್ತ್ ಕೂತದ. ನಿನ್ನ ಮೂಗಿನ ಮ್ಯಾಲೂ ಕೂತದ. ಅದನ್ನೂ ಪಾಸ್ ಮಾಡ್ಲೇನು?"

೨. ಪಂಕ್ತಿ

ಉಜ್ಜಿ ಉಜ್ಜಿ ನಲವತ್ತು ಜೋಡಿ ತಯಾರಾದ್ವು. ಒಂದಕ್ಕೊಂದು ತಿಕ್ಕಿ ಕೂಡಿಸಿದ್ದು, ಇದರ ಬಟ್ಟಲಿಗೆ ಅದರ ಹೊಟ್ಟಿ ಆಗಂಗಿಲ್ಲ. ಊಟ ಮಾಡಿ ಬಂದು ನಂಬರ್ ಹಾಕಿದ್ರಾತು ಅಂತ ಹೋದೆ. ಬಂದು ನೋಡ್ತೇನಿ, ಪ್ಯಾಕಿಂಗ್ ಮಾಡೋ ಮೌಶಿ ಎಲ್ಲಾ ಬಿಡಿಸಿ, ಒರಸಿ, ಉಬ್ಬೆಲ್ಲಾ ಒಂದು ಡಬ್ಬಿ, ತಗ್ಗೆಲ್ಲಾ ಇನ್ನೊಂದು ಡಬ್ಬಿ!

"ಮೌಶಿ, ಏನ್ ಮಾಡಿದ್ರಿ ಇದು!"

"ಯಾಕ ಬೇಟಾ? ಲಗ್ನದ ಪಂಕ್ತಿದಾಗ ಗಂಡಸ್ರು ಒಂದ್ಕಡಿ, ಹೆಂಗಸ್ರು ಒಂದ್ಕಡಿ ಕೂಡಂಗಿಲ್ಲೇನು?"

"ಊಟ ಆದಮ್ಯಾಲ ಯಾರ ಗಂಡ ಯಾರು ಅಂತ ನನಗ ಹ್ಯಾಂಗ ಗೊತ್ತಾಗಬೇಕ್ರಿ?"

"ಅವರವರಿಗೆ ಗೊತ್ತಿರ್ತದ. ನಿನಗ್ಯಾಕ ಚಿಂತಿ?"

ಒಂದಕ್ಕೂ ಗೊತ್ತಿರ್ಲಿಲ್ರಿ! ನಾಕು ದಿನ ಹಿಡೀತು ಜೋಡಿ ಹುಡುಕಾಕ.

೩. ಇನ್ಸ್‌ಪೆಕ್ಟರ್

ಇನ್ಸ್‌ಪೆಕ್ಟರ್ ಬಂದ್ರು. ಒಂದು ಜೋಡಿ ಎತ್ತಿ "ಬಿಡಸ್ರಿ" ಅಂದ್ರು. ಬಿಡವಲ್ದು! ಅಷ್ಟು ನುಣ್ಣಗ ತಿಕ್ಕಿದ್ದೆ, ನಡುವ ಎಣ್ಣಿ ಸೇರಿ ಗಪ್ಪಂತ ಅಂಟಿಕೊಂಡಿತ್ತು. ಇನ್ಸ್‌ಪೆಕ್ಟರ್ ಜಗ್ಗಿದ್ರು, ಚಾಚಾ ಜಗ್ಗಿದ್ರು, ಮಾಲಕ್ರು ಜಗ್ಗಾಕ ಹೋಗಿ ಕುರ್ಚಿ ಸಮೇತ ಹಿಂದಕ ಸರದ್ರು.

ಇನ್ಸ್‌ಪೆಕ್ಟರ್ ಬೆವರು ಒರಸ್ಕೊಂಡು, "ಫಿಟ್ಟಿಂಗ್ ಏಕದಂ ಝಕಾಸ್. ಆದ್ರ ಒಳಗ ನೋಡಲಾರ್ದ ನಾ ಪಾಸ್ ಅಂತ ಹ್ಯಾಂಗ ಬರೀಲಿ? ರಿಜೆಕ್ಟ್" ಅಂತ ಪೆನ್ ತಗದ್ರು.

ನೋಡ್ರಿ, ಸಡಿಲಾದ್ರ ರಿಜೆಕ್ಟ್, ಚೊಲೊ ಕೂತ್ರೂ ರಿಜೆಕ್ಟ್! ನನಗ ಏನ್ ತಿಳೀತೋ ಏನೋ, ಅವರ ಮುಂದ ಇದ್ದ ಸುಡೋ ಚಹಾದಾಗ ವಾಶರ್ ಮುಳುಗಿಸೇ ಬಿಟ್ಟೆ. ಎಣ್ಣಿ ಸಡಿಲಾತು, ಎರಡೂ ಪಟ್ಟಂತ ಬಿಟ್ವು. ಇನ್ಸ್‌ಪೆಕ್ಟರ್ ಒಳಗ ನೋಡಿದ್ರು, ನೀಲಿ ಹಚ್ಚಿ ನೋಡಿದ್ರು, ತಮ್ಮ ಚಹಾ ನೋಡಿದ್ರು, ಪಾಸ್ ಅಂತ ಬರದ್ರು.

ಅವರ ಗಾಡಿ ಹೋದ ಕೂಡ್ಲೇ ನಾ ಮಾಲಕ್ರ ಮುಂದ ಹಾಜರ್. "ಸಾಹೇಬ್ರ, ನನ್ನ ನೌಕರಿ?"

"ಪಕ್ಕಾ ಅವ್ವಾ, ಪಕ್ಕಾ! ಕೂಡಸಾವ್ರು ನನ್ನ ಕಡಿ ಆರು ಮಂದಿ ಇದ್ದಾರ, ಬಿಡಸಾಕಿ ನೀ ಒಬ್ಬಾಕಿನೇ. ಹಿಂದ ಶೆಡ್ಡಿನಾಗ ಜಂಗ್ ಹಿಡದು ಬಿಗದ ನಟ್ ಬೋಲ್ಟ್ ಮೂರು ಡ್ರಮ್ ಅವ. ನಾಳಿಂದ ಅವೆಲ್ಲಾ ನಿಂದೇ. ಎಷ್ಟು ಕೊಡ ಚಹಾ ಬೇಕು ಹೇಳು, ತರಸ್ತೇನಿ."