ಮುಟ್ಟದೆ ಮಾಡಿದ ಆಶೀರ್ವಾದ

ಭರತೇಶನ ಕಷ್ಟ ಶುರುವಾದದ್ದು ಒಂದು ಹುಟ್ಟುಹಬ್ಬದಿಂದ. ಅದೂ ಅವನ ಹುಟ್ಟುಹಬ್ಬವಲ್ಲ, ಎಲ್‌ಕೆಜಿಯ ಪ್ರೇರಣಾಳದ್ದು.

ವಿಶಾಖಪಟ್ಟಣದ ಮಧುರವಾಡದಲ್ಲಿ, ಗುಡ್ಡ ಕಡಿದು ಎಬ್ಬಿಸಿದ ಅಪಾರ್ಟ್‌ಮೆಂಟುಗಳ ನಡುವಿನ ಒಂದು ಖಾಸಗಿ ಶಾಲೆಯಲ್ಲಿ ಭರತೇಶ ತರಗತಿ ಸಹಾಯಕ. ಪಾಠ ಮಾಡುವುದು ಟೀಚರ ಕೆಲಸ, ಪಾಠ ಬಿಟ್ಟು ಉಳಿದದ್ದೆಲ್ಲ ಇವನ ಕೆಲಸ. ಬಿಗಿದುಕೊಂಡ ಟಿಫಿನ್ ಡಬ್ಬಿಯ ಮುಚ್ಚಳ ತೆಗೆಯಬೇಕು, ಎಡಗಾಲಿನ ಬೂಟನ್ನು ಬಲಗಾಲಿಗೆ ಹಾಕಿಕೊಂಡವರನ್ನು ಸರಿದಾರಿಗೆ ತರಬೇಕು, ಅಳುವವರ ಎದುರು ಕೋತಿಯಂತೆ ಕುಣಿಯಬೇಕು. ಮೂಲತಃ ಬೆಳಗಾವಿ ಕಡೆಯವನು. ತೆಲುಗು ಚೆನ್ನಾಗಿಯೇ ಬರುತ್ತಿತ್ತು, ಆದರೆ ಬೆಳಗಾವಿಯ ಧಾಟಿಯಲ್ಲಿ ಬರುತ್ತಿತ್ತು.

ಈ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಆಗದಿದ್ದರೆ ಅವನಿಗೆ ಕಾದಿದ್ದದ್ದು ಕೊಂಡಪಲ್ಲಿ. ಅಲ್ಲಿ ಮಾವ ಸತ್ಯಮೂರ್ತಿಯವರಿಗೆ ಮರದ ಬೊಂಬೆಗಳ ಅಂಗಡಿ. ಮದುವೆಯಾದ ಹೊಸತರಲ್ಲಿ ಭರತೇಶ ಅಲ್ಲಿ ಕೆಲವು ತಿಂಗಳು ಬೊಂಬೆಗಳಿಗೆ ಕಣ್ಣು ಬರೆದಿದ್ದ. ಅವನು ಬರೆದ ಕಣ್ಣುಗಳೆಲ್ಲ ಮೆಳ್ಳೆಗಣ್ಣಾದವು. ಗಾಡಿಯ ಎತ್ತುಗಳಿಂದ ಹಿಡಿದು ದಶಾವತಾರದ ದೇವರುಗಳವರೆಗೆ ಎಲ್ಲರೂ ತಮ್ಮ ತಮ್ಮ ಮೂಗಿನ ತುದಿಯನ್ನೇ ನೋಡತೊಡಗಿದರು. ಮಾವ ಬೈಯಲಿಲ್ಲ. ಆ ಬೊಂಬೆಗಳನ್ನು ಬೇರೆ ಕಪಾಟಿನಲ್ಲಿಟ್ಟು, ಬಂದ ಗಿರಾಕಿಗಳಿಗೆಲ್ಲ "ಇದು ನಮ್ಮ ಅಳಿಯಂದ್ರ ಕೈಚಳಕ" ಎಂದು ತೋರಿಸಿದರು, ಇವತ್ತಿಗೂ ತೋರಿಸುತ್ತಿದ್ದಾರೆ. ಅಲ್ಲಿಗೆ ಮರಳುವುದು ಭರತೇಶನಿಗೆ ಸುತರಾಂ ಬೇಡವಾಗಿತ್ತು.

ಅವತ್ತು ವಿಜಯವಾಡದ ಮುಖ್ಯ ಕಚೇರಿಯಿಂದ ಕನಕಲಕ್ಷ್ಮಿ ಮೇಡಂ ತಪಾಸಣೆಗೆ ಬರುವವರಿದ್ದರು. ಶಾಲೆಯ ಕೆಲಸಗಾರರು ಮಕ್ಕಳ ಸುರಕ್ಷತೆಯ ನಿಯಮಗಳನ್ನು ಪಾಲಿಸುತ್ತಾರೋ ಇಲ್ಲವೋ ನೋಡಿ, ಯಾರು ಕಾಯಂ, ಯಾರು ಮನೆಗೆ ಎಂದು ಅವರೇ ತೀರ್ಮಾನಿಸುತ್ತಿದ್ದರು. ನಿಯಮಗಳು ಒಳ್ಳೆಯವೇ. ಅಗತ್ಯವಿಲ್ಲದೆ ಮಗುವನ್ನು ಮುಟ್ಟಕೂಡದು. ಒಂದೇ ಮಗುವಿನ ಜೊತೆ ಒಬ್ಬರೇ ಕೋಣೆಯಲ್ಲಿ ಇರಕೂಡದು. ಭರತೇಶನಿಗೆ ಎಲ್ಲವೂ ಬಾಯಿಪಾಠವಾಗಿದ್ದವು. ತೊಂದರೆ ಕೊಡುತ್ತಿದ್ದದ್ದು ಬಾಯಲ್ಲ, ಕೈ. ಮಗು ಕಂಡರೆ ಸಾಕು, ಅದು ತಾನಾಗಿ ಕೆನ್ನೆ ಸವರಲು ಹೊರಡುತ್ತಿತ್ತು.

"ಏಮಂಡಿ, ಎರಡೂ ಕೈಯಲ್ಲಿ ಏನಾದ್ರೂ ಹಿಡ್ಕೊಂಡೇ ಇರಿ," ಎಂದು ಹೆಂಡತಿ ಗಂಗಾಭವಾನಿ ಬೆಳಿಗ್ಗೆ ಬಾಗಿಲಲ್ಲಿ ನಿಂತು ಬುದ್ಧಿ ಹೇಳಿದ್ದಳು. "ಕೈ ಖಾಲಿ ಬಿಟ್ರೆ ನಿಮ್ ಮಾತು ಕೇಳಲ್ಲ ಅದು. ನಾನಾಗ್ಲೇ ಕೊಂಡಪಲ್ಲಿಗೆ, ನಮ್ಮ ನಾನ್ನಗೆ ಫೋನ್ ಮಾಡಿ, ಇವತ್ತು ಇವರ ಕೆಲಸ ಕಾಯಂ ಆಗತ್ತೆ ಅಂತ ಹೇಳಿಬಿಟ್ಟಿದೀನಿ."

"ಆಗೂದರಾಗ ಯಾಕ್ ಹೇಳಿದಿ ಮಾರಾಯ್ತಿ," ಎಂದು ಗೊಣಗುತ್ತಾ ಭರತೇಶ ಬಸ್ಸು ಹತ್ತಿದ. ಶಾಲೆಗೆ ಬಂದವನೇ ಎರಡೂ ಕೈಯಲ್ಲಿ ಕಪ್ಪುಹಲಗೆಯ ಡಸ್ಟರ್ ಹಿಡಿದು ನಿಂತ.

ಟೀಚರ್ ಪ್ರತ್ಯೂಷಾ ತಪಾಸಣೆಯ ತಯಾರಿಗೆಂದು ಪ್ರಿನ್ಸಿಪಾಲರ ಕೋಣೆಗೆ ಹೋಗಿದ್ದಳು. ತರಗತಿಯಲ್ಲಿ ಭರತೇಶನ ಜೊತೆ ಆಯಾ ಲಕ್ಷ್ಮೀಕಾಂತಮ್ಮ ಇದ್ದಳು. ಆಗ ಜರಿಯ ಲಂಗ ಉಟ್ಟು, ಜಡೆಗೆ ಮಲ್ಲಿಗೆ ಮುಡಿದು, ಅಂಗೈಯಲ್ಲಿ ಪುಟ್ಟ ಬೆಳ್ಳಿ ಡಬ್ಬಿ ಹಿಡಿದ ಪ್ರೇರಣಾ ಒಳಗೆ ಬಂದಳು. ಅವಳ ಅಪ್ಪ ಬ್ಯಾಂಕ್ ಅಧಿಕಾರಿ, ಮೈಸೂರಿನಿಂದ ವರ್ಗವಾಗಿ ಬಂದವರು. ಇಡೀ ಶಾಲೆಯಲ್ಲಿ ಅವಳ ಜೊತೆ ಕನ್ನಡ ಆಡುವ ದೊಡ್ಡವನು ಭರತೇಶನೊಬ್ಬನೇ. ಅವಳು ಸೀದಾ ಬಂದು ಡಬ್ಬಿಯನ್ನು ಅವನ ಕಾಲಬಳಿ ಇಟ್ಟು ಉದ್ದಂಡ ಮಲಗಿದಳು.

"ಆಶೀರ್ವಾದ ಮಾಡಿ ಮಾಮ."

ಭರತೇಶನ ಬಲಗೈ ಡಸ್ಟರ್ ಬಿಟ್ಟು ಅರ್ಧ ದಾರಿ ಇಳಿದಿತ್ತು. ಅವನು ಅದನ್ನು ಎಡಗೈಯಿಂದ ಹಿಡಿದು ಎಳೆದುಕೊಂಡ. "ಛಲೋ ಆಗ್ಲಿ ನಮ್ಮವ್ವ. ಏಳು ಈಗ."

"ಹಾಗಲ್ಲ. ಅಕ್ಷತೆ ಹಾಕಿ ತಲೆ ಮೇಲೆ ಕೈ ಇಡ್ಬೇಕು. ಅಜ್ಜಿ ತಾತ ಮೈಸೂರಲ್ಲಿದಾರಲ್ಲ, ಅದಕ್ಕೆ ನಿಮ್ಮ ಹತ್ರ ತಗೋ ಅಂತ ಅಮ್ಮ ಹೇಳಿದಾರೆ."

ಭರತೇಶ ತಲೆ ಎತ್ತಿ ನೋಡಿದ. ಗೋಡೆಯ ಮೂಲೆಯಲ್ಲಿ ಕ್ಯಾಮೆರಾದ ಕೆಂಪು ದೀಪ ಮಿನುಗುತ್ತಿತ್ತು. ಅವನು ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದ. ಪ್ರೇರಣಾ ಮಲಗಿದಲ್ಲಿಂದಲೇ ತೆವಳಿಕೊಂಡು ಅವನ ಪಾದಗಳ ಹಿಂದೆ ಬಂದಳು. ಅವನು ಬೆಂಚು ಸುತ್ತಿದ, ಅವಳು ಬೆಂಚಿನ ಅಡಿಯಿಂದ ನುಸುಳಿ ಬಂದು ಅವನ ಕಾಲನ್ನು ತಬ್ಬಿ ಹಿಡಿದಳು.

"ಲಕ್ಷ್ಮೀಕಾಂತಮ್ಮಾರ, ನೀವೇ ಸಾಕ್ಷಿ. ನಾ ಮುಟ್ಟಿಲ್ಲ," ಎಂದ ಭರತೇಶ, ಎರಡೂ ಕೈ ಮೇಲೆತ್ತಿ.

"ನೀನು ಮುಟ್ಟಿಲ್ಲ ಬಾಬು, ಅವಳೇ ಮುಟ್ಟಿದ್ದು," ಎಂದು ಲಕ್ಷ್ಮೀಕಾಂತಮ್ಮ ನ್ಯಾಯ ತೀರಿಸಿದಳು. "ಆದರೆ ಹುಟ್ಟಿದ ದಿನ ಕಾಲಿಗೆ ಬಿದ್ದ ಮಗುವನ್ನು ಹಾಗೇ ಎಬ್ಬಿಸಬಾರದು. ಪಾಪ ತಗಲುತ್ತೆ."

ನಿಯಮ ಮುರಿದರೆ ಕೊಂಡಪಲ್ಲಿ, ಮುರಿಯದಿದ್ದರೆ ಪಾಪ. ಭರತೇಶ ಬೆವರಿದ. ಕಿಟಕಿಯಾಚೆ ಶಾಲೆಯ ವ್ಯಾನಿನ ಡ್ರೈವರ್ ಸಾಯಿ ಇದನ್ನೆಲ್ಲ ನೋಡುತ್ತಿದ್ದ. ಅವನಿಗೆ ಪರರ ತೊಂದರೆಗಳಿಗೆ ಪರಿಹಾರ ಸೂಚಿಸುವ ಚಟ.

"ಅಣ್ಣಾ, ಕೈಯಿಂದ ತಾನೇ ಮುಟ್ಟಬಾರದು? ಡಸ್ಟರಿಂದ ಮುಟ್ಟು."

ಮಾತಿನಲ್ಲಿ ತರ್ಕವಿತ್ತು. ಭರತೇಶ ಡಸ್ಟರಿನ ತುದಿಯನ್ನು ಪ್ರೇರಣಾಳ ತಲೆಗೆ ಹಗುರವಾಗಿ ತಾಗಿಸಿದ. ಎಣ್ಣೆ ಹಚ್ಚಿ ಬಾಚಿದ ಕಪ್ಪು ಕೂದಲ ಮೇಲೆ ಬಿಳಿ ಸೀಮೆಸುಣ್ಣದ ಪುಡಿ ಉದುರಿತು. ಅವಳು ಒಂದರ ಹಿಂದೊಂದು ಸೀನಿ, ಮುಖವೆತ್ತಿ ನೋಡಿದಳು.

"ಇದು ಡಸ್ಟರ್ ಆಶೀರ್ವಾದ. ಇದು ನಂಗೆ ಬೇಡ," ಎಂದು ಮತ್ತೆ ಮಲಗಿದಳು.

"ಮೇಲಿಂದ ಅಕ್ಷತೆ ಎಸಿ ಅಣ್ಣಾ," ಎಂದ ಸಾಯಿ, ಒಂದಿಷ್ಟೂ ಕುಗ್ಗದೆ. "ಮದುವೆಯಲ್ಲಿ ಎಲ್ಲರೂ ದೂರದಿಂದಲೇ ತಾನೇ ಎಸೆಯೋದು? ವಧೂವರರನ್ನ ಯಾರು ಮುಟ್ಟುತ್ತಾರೆ?"

ಇದು ಭರತೇಶನ ಮನಸ್ಸಿಗೆ ಹಿಡಿಸಿತು. ಕಾಲು ಬಿಡಿಸಿಕೊಂಡು ಸ್ಟೂಲ್ ಹತ್ತಿದ. ಬೆಳ್ಳಿ ಡಬ್ಬಿಯ ಅಕ್ಷತೆಯನ್ನೆಲ್ಲ ಮುಷ್ಟಿಗೆ ಸುರಿದುಕೊಂಡು, ಕಣ್ಣು ಮುಚ್ಚಿ, "ನೂರ್ಕಾಲ ಬಾಳು ನಮ್ಮವ್ವ" ಎಂದು ಮನಸ್ಸು ತುಂಬಿ ಎಸೆದ. ಆದರೆ ತಲೆಯ ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿದ್ದುದು ಅವನ ಲೆಕ್ಕಕ್ಕೆ ಬಂದಿರಲಿಲ್ಲ. ಅಕ್ಷತೆ ಪ್ರೇರಣಾಳೊಬ್ಬಳನ್ನು ಬಿಟ್ಟು ಇಡೀ ತರಗತಿಯ ಮೇಲೆ ಬಿತ್ತು. ಅಲ್ಲಿಯವರೆಗೆ ಬಾಯಿ ಬಿಟ್ಟು ನೋಡುತ್ತಿದ್ದ ಮಕ್ಕಳಿಗೆ, ಇದು ತಮಗೂ ಸೇರಿದ ಆಟ ಎಂದು ಆಗ ತಿಳಿಯಿತು. "ನನಗೂ, ನನಗೂ" ಎನ್ನುತ್ತಾ ಎಲ್ಲರೂ ಬೆಂಚುಗಳಿಂದ ಧುಮುಕಿ ಸ್ಟೂಲಿನ ಸುತ್ತ ಬೋರಲು ಮಲಗಿದರು. ಒಬ್ಬ ಅಂಗಾತ ಮಲಗಿದ.

ಅದೇ ಹೊತ್ತಿಗೆ ಪ್ರಿನ್ಸಿಪಾಲ್ ವಿಜಯಲಕ್ಷ್ಮೀ ಬಾಗಿಲು ತೆರೆದು, "ಬನ್ನಿ ಮೇಡಂ, ಇದು ನಮ್ಮ ಎಲ್‌ಕೆಜಿ, ಬಹಳ ಶಿಸ್ತಿನ ತರಗತಿ" ಎಂದರು.

ಹಿಂದೆ ನಿಂತಿದ್ದ ಕನಕಲಕ್ಷ್ಮಿ ಮೇಡಂ ನೋಡಿದರು. ನರೆಗೂದಲು, ದೊಡ್ಡ ಕುಂಕುಮ, ಗಂಜಿ ಹಾಕಿದ ಕಾಟನ್ ಸೀರೆ. ಎದುರಿಗೆ ನೆಲದ ತುಂಬ ಸಾಷ್ಟಾಂಗ ಬಿದ್ದ ಮಕ್ಕಳು, ನಡುವೆ ಸ್ಟೂಲಿನ ಮೇಲೆ ಎರಡೂ ಕೈ ಎತ್ತಿ ನಿಂತ ಒಬ್ಬ ಗಂಡಸು. ಫ್ಯಾನಿಗೆ ಸಿಕ್ಕಿ ಸುತ್ತುತ್ತಿದ್ದ ಕೊನೆಯ ಅಕ್ಷತೆ ಕಾಳು ಬಂದು ಅವರ ಕನ್ನಡಕದ ಮೇಲೆ ಕೂತಿತು.

"ನಾ ಯಾರನ್ನೂ ಮುಟ್ಟಿಲ್ರಿ ಮೇಡಂ," ಎಂದ ಭರತೇಶ. ಅವನ ಧ್ವನಿ ಮಕ್ಕಳ ಧ್ವನಿಗಿಂತ ಸಣ್ಣದಾಗಿತ್ತು.

ಮೇಡಂ ಲಕ್ಷ್ಮೀಕಾಂತಮ್ಮನನ್ನು ಕೇಳಿದರು, ಕಿಟಕಿಯಲ್ಲಿದ್ದ ಸಾಯಿಯನ್ನು ಕೇಳಿದರು, ಸುಣ್ಣ ಮೆತ್ತಿದ ಪ್ರೇರಣಾಳನ್ನೂ ಕೇಳಿದರು. ಪ್ರೇರಣಾ ಅಳುಮುಖದಿಂದ, "ಎಷ್ಟು ಕೇಳಿದ್ರೂ ಮಾಮ ಮುಟ್ಟಲ್ಲ" ಎಂದು ದೂರು ಕೊಟ್ಟಳು. ಮೇಡಮ್ಮಿನ ಹಿಂದೆಯೇ ಬಂದಿದ್ದ ಪ್ರತ್ಯೂಷಾ, ಆಡಲು ಬಾರದಿದ್ದರೂ ಕನ್ನಡ ಅಷ್ಟಿಷ್ಟು ಅರ್ಥವಾಗುತ್ತಿದ್ದವಳು, ಅದನ್ನು ತೆಲುಗಿನಲ್ಲಿ ಹೇಳಿದಳು. ಮೇಡಮ್ಮಿನ ತುಟಿಯಂಚು ಸ್ವಲ್ಪ ಸಡಿಲವಾಯಿತು.

"ಇಳಿಯಿರಿ ಭರತೇಶ್ ಗಾರು. ನಿಯಮ ಹೇಳಿ ನೋಡೋಣ. ಮಗು ಬಿದ್ದು ಪೆಟ್ಟು ಮಾಡಿಕೊಂಡರೆ?"

"ಆವಾಗ ಮುಟ್ಟಬಹುದ್ರಿ. ಗಾಯಕ್ಕ ಬೇಕಾದಷ್ಟ, ಇನ್ನೊಬ್ಬರ ಎದುರಿಗೆ," ಎಂದ ಭರತೇಶ, ಸ್ಟೂಲ್ ಇಳಿಯುತ್ತಾ.

"ಮಗು ಮನೆಯಿಂದ ತಂದ ತಿಂಡಿ ಕೊಟ್ಟರೆ?"

"ಒಲ್ಲೆ ಅನಬೇಕ್ರಿ. ಮೈಸೂರ್ ಪಾಕ್ ಇದ್ರೂ ಒಲ್ಲೆ ಅನಬೇಕು."

"ಜೊತೆಗೆ ಕೆಲಸ ಮಾಡುವವರ ವಿಷಯದಲ್ಲಿ?"

"ಅವರ ಒಪ್ಪಿಗೆ ಕೇಳದೆ, ತಲೆಯಿಂದ ಕಾಲಿನ ತನಕ ಎಲ್ಲಿಯೂ ಮುಟ್ಟಬಾರದ್ರಿ," ಎಂದು ಭರತೇಶ ಒಂದೇ ಉಸಿರಿಗೆ ಒಪ್ಪಿಸಿದ.

ಕನಕಲಕ್ಷ್ಮಿ ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಎಷ್ಟೋ ಶಾಲೆ ನೋಡಿದ್ದೇನೆ, ಹೀಗೆ ಸ್ಟೂಲ್ ಹತ್ತಿ ನಿಯಮ ಕಾಪಾಡಿದವನನ್ನು ನೋಡಿರಲಿಲ್ಲ ಎಂದರು. "ಪ್ರಿನ್ಸಿಪಾಲ್ ಗಾರು, ಇವರ ಕೆಲಸ ಕಾಯಂ ಮಾಡಿ. ನಾನು ಈಗಲೇ ಬರೆದುಕೊಡುತ್ತೇನೆ."

ಭರತೇಶನ ಕಣ್ಣ ಮುಂದಿದ್ದ ಮೆಳ್ಳೆಗಣ್ಣಿನ ಎತ್ತುಗಳು, ದೇವರುಗಳು, ಮಾವನ ಕಪಾಟು ಎಲ್ಲ ಒಮ್ಮೆಲೇ ಮಾಯವಾದವು. ಅವನ ಎದೆ ಉಬ್ಬಿ ಬಂತು, ಕಣ್ಣು ತುಂಬಿ ಬಂತು. ಎದುರಿಗೆ ನಿಂತವರು ನರೆಗೂದಲಿನ ದೊಡ್ಡ ಹೆಂಗಸು, ಅನ್ನ ಕೊಟ್ಟ ತಾಯಿ. ಬೆಳಗಾವಿಯಲ್ಲಿ ಹುಟ್ಟಿ ಬೆಳೆದ ಮೈಗೆ ಆಮೇಲೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ಅವನು ದಡಕ್ಕನೆ ಬಗ್ಗಿ, ಎರಡೂ ಕೈಯಿಂದ ಅವರ ಪಾದ ಹಿಡಿದು, ಹಣೆ ಹಚ್ಚಿ ನಮಸ್ಕಾರ ಮಾಡಿದ.

ಮೇಡಮ್ಮಿನ ಮೈಯೂ ಅದೇ ರೂಢಿಯದು. ಅವರ ಬಲಗೈ ಕೇಳದೆ ಹೇಳದೆ ಅವನ ತಲೆಯ ಮೇಲೆ ಹೋಗಿ ಕೂತಿತು. "ಸುಖೀಭವ ಬಾಬು," ಎಂದುಬಿಟ್ಟರು.

ಮೇಲೆ ಕೆಂಪು ದೀಪ ಮಿನುಗುತ್ತಿತ್ತು. ಮೇಡಂ ಬಿಸಿ ಬಾಣಲೆಯಿಂದ ತೆಗೆದಂತೆ ಕೈ ತೆಗೆದರು. ಭರತೇಶ ಪಾದ ಬಿಟ್ಟ, ಆದರೆ ಏಳುವ ಧೈರ್ಯ ಬರಲಿಲ್ಲ.

"ಇಬ್ಬರೂ ಮುಟ್ಟಿಬಿಟ್ರು," ಎಂದಳು ಪ್ರೇರಣಾ.

ಮೇಡಮ್ಮಿನ ಚೀಲದಲ್ಲಿ ಫೋನ್ ಹೊಡೆದುಕೊಂಡಿತು. ಕ್ಯಾಮೆರಾದ ದೃಶ್ಯ ವಿಜಯವಾಡದ ಕಚೇರಿಯಲ್ಲಿ ಆಗಿಂದಾಗಲೇ ಕಾಣುವ ವ್ಯವಸ್ಥೆಯನ್ನು ಮಾಡಿಸಿದವರೂ ಅವರೇ. "ಅವುನಂಡಿ... ಹೌದು, ಅದು ನಾನೇ... ಇಲ್ಲ, ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ," ಎಂದು ಮಾತಾಡಿ ಫೋನ್ ಇಟ್ಟರು. ಆಮೇಲೆ ನೆಲದ ಕಡೆ ನೋಡಿದರು.

"ಏಳಿ ಭರತೇಶ್ ಗಾರು. ಕಾಯಂ ಮಾತು ಸದ್ಯಕ್ಕೆ ನಿಂತಿತು. ಇಬ್ಬರೂ ನಾಳೆಯಿಂದ ವಿಜಯವಾಡದಲ್ಲಿ ತರಬೇತಿಗೆ ಕೂರಬೇಕಂತೆ, ಮೊದಲಿನಿಂದ. ಆ ತರಬೇತಿ ಕೊಡುವವಳು ನಾನೇ. ಈಗ ನನಗೆ ಯಾರು ಕಲಿಸುತ್ತಾರೋ ಗೊತ್ತಿಲ್ಲ."

ಸಂಜೆ ಗೇಟಿನ ಹತ್ತಿರ ಪ್ರೇರಣಾಳ ಅಮ್ಮ ಬಂದಾಗ ಭರತೇಶ ಮೂರು ಹೆಜ್ಜೆ ದೂರದಲ್ಲಿ ನಿಂತು, ಕೈ ಕಟ್ಟಿಕೊಂಡು, ಲಕ್ಷ್ಮೀಕಾಂತಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳಿದ. "ತಾಯಿಯಾರ, ನಿಮ್ಮ ಒಪ್ಪಿಗಿ ಇದ್ರ, ಮಗಳ ತಲಿ ಮ್ಯಾಲ ಒಮ್ಮೆ ಕೈ ಇಡತೀನ್ರಿ."

"ಅಯ್ಯೋ, ಇದನ್ನೂ ಕೇಳ್ಬೇಕಾ? ಬೆಳಿಗ್ಗೆಯಿಂದ ಮಾಡೇ ಇಲ್ವಾ?" ಎಂದರು ಆಕೆ ಬೆರಗಾಗಿ.

ಪ್ರೇರಣಾ ಬಗ್ಗಿದಳು. ಸುಣ್ಣ ಮೆತ್ತಿದ ಆ ಪುಟ್ಟ ತಲೆಯ ಮೇಲೆ ಭರತೇಶ ಕೈ ಇಟ್ಟ. ಇಡೀ ದಿನದಲ್ಲಿ ಅವನ ಕೈಗೆ ಸಮಾಧಾನವಾದದ್ದು ಆಗ ಮಾತ್ರ.

ಬಸ್ ನಿಲ್ದಾಣ ತಲುಪುವ ಮೊದಲೇ ಫೋನ್ ಬಂತು. ತರಬೇತಿಯ ಸುದ್ದಿಯನ್ನು ಗಂಗಾಭವಾನಿ ಆಗಲೇ ಅಪ್ಪನಿಗೆ ಮುಟ್ಟಿಸಿದ್ದಳು.

"ವಿಜಯವಾಡಕ್ಕೆ ಬರ್ತಿದೀರಂತೆ ಅಳಿಯಗಾರು," ಎಂದರು ಸತ್ಯಮೂರ್ತಿಯವರು, ಸಂತೋಷ ತಡೆಯಲಾರದೆ. "ಲಾಡ್ಜು ಗೀಡ್ಜು ಅನ್ನಬೇಡಿ, ಕೊಂಡಪಲ್ಲಿ ಪಕ್ಕದಲ್ಲೇ ಇದೆ, ನಮ್ಮನೇಲೇ ಇರಿ. ಸಾಯಂಕಾಲ ಬಂದ ಮೇಲೆ ನಿಮಗೆ ಬೇಜಾರಾಗಬಾರದು ಅಂತ ಬಣ್ಣ, ಕುಂಚ ತೆಗೆದಿಟ್ಟಿದೀನಿ."

"ಮಾವಾರ, ಅದು ನನಗ..."

"ಏನೂ ಹೆದರಬೇಡಿ," ಎಂದರು ಮಾವ. "ನಮ್ಮ ಬೊಂಬೆಗಳನ್ನ ಮುಟ್ಟೋಕೆ ಯಾರ ಒಪ್ಪಿಗೆಯೂ ಬೇಡ."