ನನ್ನ ಸ್ಟ್ರೋಕಿನ ಬಜೆಟ್ಟು

ಗುಟ್ಟಿನ ಮಾತನ್ನು ಎಲ್ಲಿ ಬೇಕಾದರೂ ಆಡಬಹುದು, ಬಸ್ಸಿನಲ್ಲಿ ಕೂತು ಫೋನಿನಲ್ಲಿ ಮಾತ್ರ ಆಡಬಾರದು. ಬಸ್ಸಿನ ಸದ್ದಿಗೆ ನಮ್ಮ ಮಾತು ನಮಗೇ ಕೇಳುವುದಿಲ್ಲವೆಂದು ನಾವು ಕಿರುಚುತ್ತೇವೆ. ಆ ಕಿರುಚಾಟ ಹಿಂದಿನ ಸೀಟಿನವರಿಗೆ ಚೆನ್ನಾಗಿ ಕೇಳುತ್ತದೆ, ಅದೂ ಒಂದು ಕಡೆಯ ಮಾತು ಮಾತ್ರ. ಉಳಿದದ್ದನ್ನು ಅವರೇ ತುಂಬಿಕೊಳ್ಳುತ್ತಾರೆ. ಈ ತಿಳಿವಳಿಕೆ ನನಗೆ ತಡವಾಗಿ ಬಂತು. ಬಂದ ರೀತಿಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಾನು ಮಧುಗಿರಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ಆದಾಯಕ್ಕೆ ತಕ್ಕ ಖರ್ಚು ಇರಬೇಕೆಂದು ಪ್ರತಿ ವರ್ಷ ಹುಡುಗರಿಗೆ ಹೇಳಿಕೊಡುತ್ತೇನೆ. ಇಂಥ ನಾನು ಐವತ್ತು ದಾಟಿದ ಮೇಲೆ ಒಂದು ಹಳೆಯ ಸ್ಪೋರ್ಟ್ಸ್ ಕಾರು ಕೊಂಡೆ. ಕೆಂಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ತಾಗುವ ಹೊಟ್ಟೆ. ನನ್ನ ಹೆಂಡತಿ ಲಲಿತ ಅದನ್ನು ಒಂದು ಸುತ್ತು ಹಾಕಿ, "ಇದರೊಳಗೆ ಹತ್ತೋದಾ, ಇಳಿಯೋದಾ?" ಎಂದಳು. ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಒಳಗೆ ಹೋಗಲು ಇಳಿಯಬೇಕು, ಹೊರಗೆ ಬರಲು ಹತ್ತಬೇಕು. ಬೀದಿಯ ಪ್ರತಿ ಉಬ್ಬಿಗೂ ಅದು ಹೊಟ್ಟೆ ಉಜ್ಜಿಕೊಂಡೇ ಮುಂದೆ ಹೋಗುತ್ತಿತ್ತು. ಇಳಿಜಾರಿನಲ್ಲಿ ಹುಲಿ. ಪಾವಗಡದ ರಸ್ತೆಯಲ್ಲಿ ದಿಣ್ಣೆ ಬಂದರೆ ಮಾತ್ರ ಈರುಳ್ಳಿ ಮೂಟೆ ಹೇರಿಕೊಂಡ ಲಗೇಜ್ ಆಟೋ ಹಾರ್ನ್ ಹೊಡೆದು ನನ್ನನ್ನು ದಾಟಿ ಹೋಗುತ್ತಿತ್ತು. ಆಟೋದವನು ತಿರುಗಿ ನೋಡಿದ ನೋಟದಲ್ಲಿ ಕರುಣೆಯಿತ್ತು. ಅದನ್ನು ತಡೆಯಲಾರದೆ ಕಾರನ್ನು ಸಿರಾದ ಮೆಕ್ಯಾನಿಕ್ ಸಾದಿಕ್ ಭಾಯ್ ಶೆಡ್ಡಿನಲ್ಲಿ ಬಿಟ್ಟುಬಂದೆ.

ಸಾದಿಕ್ ಹೇಳಿದ ಮದ್ದು ಒಂದೇ, ಸ್ಟ್ರೋಕ್ ಹೆಚ್ಚಿಸುವುದು. ಎಂಜಿನ್ನಿನೊಳಗೆ ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಓಡಾಡುವ ದೂರಕ್ಕೆ ಸ್ಟ್ರೋಕ್ ಎನ್ನುತ್ತಾರೆ. ಪಿಸ್ಟನ್ನನ್ನು ಓಡಾಡಿಸುವ ಕ್ರ್ಯಾಂಕನ್ನು ಬದಲಾಯಿಸಿ ಆ ದೂರವನ್ನು ಹೆಚ್ಚಿಸಿದರೆ ಸಣ್ಣ ಎಂಜಿನ್ನೂ ದೊಡ್ಡದರ ಹಾಗೆ ಎಳೆಯುತ್ತದೆ. ಆದರೆ ಕ್ರ್ಯಾಂಕಿನಿಂದ ಶುರುವಾದ ಲೆಕ್ಕ ಪಿಸ್ಟನ್ನು, ಕ್ಲಚ್ಚು, ರೇಡಿಯೇಟರು ಎಂದು ಬೆಳೆದು ಬ್ರೇಕಿಗೆ ಬಂದು ನಿಂತಿತು. "ಜೋರಾಗಿ ಓಡೋ ಗಾಡಿ ನಿಲ್ಲೋದೂ ಬೇಕಲ್ಲ ಸಾಬ್," ಎಂದ ಸಾದಿಕ್. ಬಜೆಟ್ಟಿನ ಕೊರತೆಯನ್ನು ತುಂಬುವ ವಿದ್ಯೆ ನನಗೆ ಗೊತ್ತಿತ್ತು. ಲಲಿತ ಬಹಳ ದಿನದಿಂದ ಕೇಳುತ್ತಿದ್ದ ಅಡುಗೆಮನೆಯ ಹೊಸ ಕಟ್ಟೆಯನ್ನು ಮುಂದಕ್ಕೆ ಹಾಕಿದೆ. "ಈ ವರ್ಷ ಕೈ ಬಿಗಿ ಕಣೆ," ಎಂದೆ. ಅವಳು ಹಳೆಯ ಕಟ್ಟೆಯ ಒಡೆದ ಕಲ್ಲಿನ ಸಂದಿಗೆ ಸಿಮೆಂಟು ಮೆತ್ತಿಕೊಂಡಳು.

ಒಂದು ಶನಿವಾರ ಕೊರಟಗೆರೆ ಬಸ್ಸಿನಲ್ಲಿ ಹೋಗುತ್ತಿದ್ದಾಗ ಸಾದಿಕ್ ಫೋನ್ ಬಂತು. ನಾನು ಕಿರುಚಿದ್ದು ಇಷ್ಟು: "ಹೌದು, ಸ್ಟ್ರೋಕೇ. ಇನ್ನು ತಡ ಮಾಡೋದು ಬೇಡ. ಖರ್ಚು ಎಷ್ಟಾದರೂ ಆಗಲಿ, ಮನೆಯವರಿಗೆ ಮಾತ್ರ ಗೊತ್ತಾಗಬಾರದು." ಕೊಳಾಲದ ಹತ್ತಿರ ಇರುವ ನಮ್ಮ ದೊಡ್ಡಮ್ಮನ ಊರಿನವನೊಬ್ಬ ಹಿಂದಿನ ಸೀಟಿನಲ್ಲಿದ್ದನಂತೆ. ಅದು ನನಗೆ ತಿಳಿದದ್ದು ಮರುದಿನ.

ಮರುದಿನ ಬೆಳಿಗ್ಗೆ ದೊಡ್ಡಮ್ಮ ಬಂದಳು. ಅಮ್ಮ ಹೋದ ಮೇಲೆ ಕುರಿ ಸಾಕಿ ನನ್ನನ್ನು ಓದಿಸಿದವಳು ಅವಳೇ. ಒಂದು ಕೈಯಲ್ಲಿ ಎಣ್ಣೆಯ ಬಾಟಲಿ, ಇನ್ನೊಂದು ಕೈಯಲ್ಲಿ ಬುಟ್ಟಿ, ಬುಟ್ಟಿಯೊಳಗೆ ಮದ್ದಿಗೆಂದು ತಂದ ಜೀವಂತ ಪಾರಿವಾಳ. ಬಂದವಳೇ ನನ್ನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು.

"ಸದ್ಯ, ಬಾಯಿ ಸೊಟ್ಟಗಾಗಿಲ್ಲ. ಯಾವ ಕಡೆ ಹೊಡೆದೈತೆ ಕಣ್ಲಾ?"

"ಏನು ದೊಡ್ಡಮ್ಮ?"

"ಮುಚ್ಚಿಡಬ್ಯಾಡ. ಲಕ್ವ ಹೊಡೆದೈತೆ ಅಂತ ಊರಿಗೆಲ್ಲ ಗೊತ್ತಾಗ್ಬುಟ್ಟೈತೆ. ಮನೆಯೋರಿಗೆ ಹೇಳಬ್ಯಾಡಿ ಅಂತ ಬಸ್ಸಲ್ಲಿ ಡಾಕ್ಟ್ರಿಗೆ ಹೇಳ್ತಿದ್ದಂತಲ್ಲ."

ಬಾಗಿಲಲ್ಲಿ ನಿಂತಿದ್ದ ಲಲಿತಳ ಮುಖ ಬಿಳಿಚಿತು. "ಅದಕ್ಕೇನಾ ಕೈ ಬಿಗಿ ಅಂದಿದ್ದು? ಔಷಧಿಗೆ ಅಂತ ದುಡ್ಡು ಎತ್ತಿಟ್ಟಿದ್ರಾ? ನಾನು ನೋಡಿದ್ರೆ ಕಟ್ಟೆ ಕಟ್ಟೆ ಅಂತ ನಿಮ್ಮ ಪ್ರಾಣ ತಿಂದೆ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಿಜ ಹೇಳಲು ಅದೇ ಸರಿಯಾದ ಹೊತ್ತಾಗಿತ್ತು. ಆದರೆ ಅವಳ ಆ ಕಣ್ಣುಗಳನ್ನು ನೋಡಿಕೊಂಡು, ದುಡ್ಡು ಕ್ರ್ಯಾಂಕಿಗೆ ಎತ್ತಿಟ್ಟದ್ದು ಎಂದು ಹೇಳುವ ಗಂಡಸು ನಾನಲ್ಲ. "ಅದು... ಹಾಗಲ್ಲ... ಅದು..." ಎಂದೆ.

"ನೋಡವ್ವ, ನಾಲಿಗೆ ತೊದಲ್ತೈತೆ," ಎಂದಳು ದೊಡ್ಡಮ್ಮ.

ಚಾಪೆ ಹಾಸಿ ಮಲಗಿಸಿದರು. ಯಾವ ಕೈ ಎಂದು ಮತ್ತೆ ಕೇಳಿದಾಗ ಎಡಗೈ ಎಂದೆ. ಬರೆಯುವುದು, ಉಣ್ಣುವುದು ಬಲಗೈಯಲ್ಲಿ, ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಆ ಮುದುಕಿ ಉಸಿರು ಕಟ್ಟಿಕೊಂಡು ನನ್ನ ಗಟ್ಟಿಮುಟ್ಟಾದ ತೋಳನ್ನು ತಿಕ್ಕತೊಡಗಿದಳು. ಲಲಿತ ತಲೆಯ ಬಳಿ ಕೂತು ಬೀಸಣಿಗೆ ಬೀಸುತ್ತಿದ್ದಳು. ಮದುವೆಯಾದಂದಿನಿಂದ ಇಂಥ ಉಪಚಾರ ನನಗೆ ಸಿಕ್ಕಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಒಂದು ಗಳಿಗೆ ನಿದ್ದೆಯೂ ಬಂತು.

ಎಚ್ಚರವಾದದ್ದು ಸಾದಿಕ್ ದನಿಗೆ. "ಸ್ಟ್ರೋಕ್ ಕೆಲಸದ ಬಗ್ಗೆ ಮಾತಾಡೋಕೆ ಬಂದೆ ಅಮ್ಮ, ಸಾಬ್ ಇದ್ದಾರಾ?"

ದೊಡ್ಡಮ್ಮ ಎದ್ದು ಕೈ ಮುಗಿದಳು. "ಬನ್ನಿ ಡಾಕ್ಟ್ರೇ. ಸರಿಹೋಯ್ತದಾ?"

"ಅರೆ, ಫಸ್ಟ್ ಕ್ಲಾಸ್ ಆಗ್ತದೆ. ಸ್ಟ್ರೋಕ್ ಇನ್ನೂ ಸ್ವಲ್ಪ ಜಾಸ್ತಿ ಕೊಡ್ತೀನಿ. ಪೂರಾ ಬಿಚ್ಚಿ, ಒಳಗಿಂದೆಲ್ಲ ಹೊರಗೆ ತೆಗೆದು, ಸೀಮೆಎಣ್ಣೇಲಿ ತೊಳೆದು..."

ದೊಡ್ಡಮ್ಮ ಅಲ್ಲೇ ಕುಸಿದು ಕೂತಳು. ಸಾದಿಕ್ ಚೀಲದಿಂದ ಒಂದು ಹಳೆಯ ಪಿಸ್ಟನ್ ತೆಗೆದು ನೆಲದ ಮೇಲಿಟ್ಟ. ಲಲಿತ ಪಿಸ್ಟನ್ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬೀಸಣಿಗೆ ನಿಂತಿತು.

"ಕೂತ್ಕೊಳ್ಳಿ ಭಾಯ್, ಟೀ ತರ್ತೀನಿ," ಎಂದಳು. "ಇದಕ್ಕೆಲ್ಲ ಎಷ್ಟಾಗುತ್ತೆ ಅಂತ ನನಗೂ ಒಂದು ಸಲ ಹೇಳಿ."

ಮನೆಯವರಿಗೆ ಬೇಡವೆಂದದ್ದು ಬಸ್ಸಿನ ಸದ್ದಿನಲ್ಲಿ ಕೇಳಿಸದಿದ್ದ ಆ ಪುಣ್ಯಾತ್ಮ ಬ್ರೇಕಿನವರೆಗೂ ಎಲ್ಲ ಹೇಳಿದ. ಅವಳು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ದೊಡ್ಡಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಂಗಾರೆ ನಿಂಗೇನೂ ಆಗಿಲ್ವ? ಕಾರಿಗಾ?" ಎಂದು ಕೇಳಿದಳು. ತಲೆ ಆಡಿಸಿದೆ. ಅವಳು ಎಣ್ಣೆಗೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು, ಸಿಟ್ಟಿಗಲ್ಲ, ಸಂತೋಷಕ್ಕೆ. "ಬದುಕ್ದೆ ಬುಡು," ಎಂದಳು. ಆಮೇಲೆ ನೆನಪಾಗಿ, "ಆದ್ರೆ ಹರಕೆ ಹೊತ್ಬುಟ್ಟಿದ್ದೀನಲ್ಲ. ನಿನ್ ಕೈಕಾಲು ನೆಟ್ಟಗಿದ್ರೆ ಮರಿ ಹೊಡೆದು ನೆಂಟ್ರಿಗೆಲ್ಲ ಊಟ ಹಾಕ್ತೀನಿ ಅಂತ. ನೆಟ್ಟಗೇ ಐತೆ. ತೀರಿಸ್ಬೇಕು," ಎಂದಳು.

"ತೀರಿಸೋಣ ದೊಡ್ಡತ್ತೆ, ದುಡ್ಡು ಎತ್ತಿಟ್ಟಿದ್ದಾರೆ," ಎಂದಳು ಲಲಿತ.

ಹೀಗೆ ನನ್ನ ಬಜೆಟ್ಟು ಹೊಸದಾಗಿ ಮಂಡನೆಯಾಗಿ, ಚರ್ಚೆಯಿಲ್ಲದೆ ಅಂಗೀಕಾರವಾಯಿತು. ಅರ್ಧ ಹರಕೆಗೆ, ಅರ್ಧ ಅಡುಗೆಮನೆಗೆ. ಪಾರಿವಾಳವನ್ನು ಲಲಿತ ಮಾಳಿಗೆಯಿಂದ ಹಾರಿಬಿಟ್ಟಳು.

ಊಟದ ದಿನ ದೊಡ್ಡಮ್ಮನ ಊರಿನಲ್ಲಿ ನೆಂಟರೆಲ್ಲ ನೆರೆದಿದ್ದರು. ದೊಡ್ಡಮ್ಮ ನಿಜವನ್ನು ಯಾರಿಗೂ ಹೇಳಿರಲಿಲ್ಲ. "ನಿನ್ ಮರ್ವಾದೆ ಹೋದ್ರೆ ನಂದೂ ಹೋದಂಗೆ," ಎಂದು ನನ್ನ ಕಿವಿಯಲ್ಲಿ ಹೇಳಿ, ಪಂಕ್ತಿಯಲ್ಲಿ ಕೂರಿಸಿದಳು. ಪಕ್ಕದಲ್ಲಿ ತೆಲುಗು ಗಡಿಯ ರಾಯಚರ್ಲಿನಿಂದ ಬಂದ ದೂರದ ನೆಂಟರೊಬ್ಬರು, ವಯಸ್ಸಾದವರು. ಅವರಿಗೆ ನಿಜವಾಗಿಯೇ ಲಕ್ವ ಹೊಡೆದು ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಎಡಗೈಯಿಂದ ಮುದ್ದೆ ಮುರಿಯುತ್ತಾ, "ಭಯಪಡಬ್ಯಾಡ ನಾಯನಾ, ನಂಗೂ ಇಂಗೇ ಆಗಿತ್ತು. ಮೆಲ್ಲಗಾ ಸರಿಹೋಯ್ತದೆ," ಎಂದರು. ನನಗೆ ತಲೆ ಎತ್ತಲಾಗಲಿಲ್ಲ. ಮುದ್ದೆ ಮುಟ್ಟದೆ ಎಲೆ ನೋಡುತ್ತಾ ಕೂತೆ. ಅವರು ಅದನ್ನು ನೋಡಿ, ತಮ್ಮ ಎಲೆಯಲ್ಲಿದ್ದ ಮೆತ್ತನೆಯ ಬಾಡಿನ ತುಂಡನ್ನು ನನ್ನ ಎಲೆಗೆ ಸರಿಸಿದರು. "ತಿನ್ನು. ಬಲ ಬರ್ತೈತೆ."

ತಿಂದೆ. ಕಣ್ಣಲ್ಲಿ ನೀರು ತುಂಬಿತು. ಯಾಕೆಂದು ಅವರು ಕೇಳಿದಾಗ ಸಾರು ಖಾರ ಎಂದೆ. ತಕ್ಷಣ ಮಜ್ಜಿಗೆ ತರಲು ಕೂಗಿ ಹೇಳಿದರು. ನಮ್ಮ ಜನರ ದೊಡ್ಡ ತೊಂದರೆಯೇ ಇದು, ನಾನು ಹೇಳಿದ್ದನ್ನೆಲ್ಲ ನಂಬುತ್ತಾರೆ.