ಮೂರು ತಾಲೂಕಿಗೊಬ್ಬ ಜಡ್ಜ್

ನಮ್ಮ ಭಾವನಿಗೆ ನೀವು ನಿಮ್ಮ ಹೆಸರು ಹೇಳಿ ನೋಡಿ. "ಹೌದಾ?" ಅಂತ ಕೇಳುತ್ತಾರೆ. ಹೌದು ಅಂದರೆ ನಿಮ್ಮ ಮುಖವನ್ನೂ ಹೆಸರನ್ನೂ ಒಮ್ಮೆ ತಾಳೆ ನೋಡಿ "ಇರ್ಲಿ" ಅನ್ನುತ್ತಾರೆ. ಆ "ಇರ್ಲಿ" ಕೇಳಿದ ಮೇಲೆ ನಿಮ್ಮ ಹೆಸರಿನ ಮೇಲೆ ನಿಮಗೇ ಅನುಮಾನ ಶುರುವಾಗದಿದ್ದರೆ ಕೇಳಿ!

ಅವರು ನನ್ನ ಅಕ್ಕನ ಗಂಡ. ಸಿದ್ದಾಪುರದ ದನದ ಆಸ್ಪತ್ರೆಯಲ್ಲಿ ಕಂಪೌಂಡರ್. ಈ ಸಂಶಯದ ಗುಣ ಹುಟ್ಟಿನಿಂದ ಬಂದದ್ದೋ ನೌಕರಿಯಿಂದ ಅಂಟಿಕೊಂಡದ್ದೋ ನಾನು ಹೇಳಲಾರೆ. "ದನ ಬಂದು 'ಯಂಗೆ ಹೊಟ್ಟೆನೋವು' ಹೇಳಿ ಹೇಳ್ತಿಲ್ಲೆ ತಮಾ. ಅದರ ಯಜಮಾನ ಹೇಳದು ಅರ್ಧ ಸುಳ್ಳು. ಸಂಶಯ ಮಾಡದೇ ಔಷಧ ಕೊಡದು ಹೆಂಗೆ?" ಅನ್ನುವುದು ಅವರ ಸಮರ್ಥನೆ. ದನದ ಮಟ್ಟಿಗೆ ಒಪ್ಪೋಣ. ಆದರೆ ಅಕ್ಕ ಮಾಡಿದ ತಂಬುಳಿಗೂ ಅದೇ ಪರೀಕ್ಷೆಯೇ? ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಕೇಳುತ್ತಾರೆ, "ಇದು ಎಂತಾ ಸೊಪ್ಪು?"

"ನಿನ್ನೆ ಹಾಕಿದ್ದೇ."

"ನಿನ್ನೆ ಎಂತಾ ಹಾಕಿದ್ದೆ?"

ಮದುವೆಗೆ ಮೊದಲು ಅಕ್ಕನನ್ನು ನೋಡಿ ಒಪ್ಪಿಹೋದವರು, ಮರುವಾರ ಹೇಳದೇ ಕೇಳದೇ ಮತ್ತೆ ಬಂದು ಜಗುಲಿಯಲ್ಲಿ ಕೂತಿದ್ದರು. ತೋರಿಸಿದ ಹುಡುಗಿ ಈ ಮನೆಯವಳೇ ಹೌದೋ, ಅಥವಾ ಅವತ್ತಿನ ಮಟ್ಟಿಗೆ ಎಲ್ಲಿಂದಾದರೂ ಕರೆತಂದದ್ದೋ ಅಂತ ಖಾತ್ರಿ ಮಾಡಿಕೊಳ್ಳಲು! ಇವತ್ತಿಗೂ ಜಗಳವಾದಾಗ ಅಕ್ಕ ಹೇಳುವುದು ಒಂದೇ ಮಾತು: "ಎರಡು ಸಲ ನೋಡಿ ತಗಂಡು ಹೋದ ಮಾಲು. ವಾಪಸ್ ಇಲ್ಲೆ."

ಇಂಥ ಮನುಷ್ಯನ ಕೈಗೆ ಸಿನೆಮಾ ಕಾರ್ಡು ಸಿಕ್ಕಿದ್ದು ನನ್ನ ಅಂಗಡಿಯಲ್ಲಿ. ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಶಿರಸಿ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಎಸ್‌ಟಿಡಿ ಬೂತು. ಪಕ್ಕದಲ್ಲಿ ಝೆರಾಕ್ಸ್ ಮಷೀನು, ಎದುರಿಗೆ ಪೆನ್ನು, ಪೆಪ್ಪರಮಿಂಟಿನ ಡಬ್ಬಿಗಳು. ಆ ವರ್ಷ ಚ್ಯೂಯಿಂಗ್ ಗಮ್ಮಿನ ಪ್ಯಾಕೆಟ್ಟಿನೊಳಗೆ ಒಂದೊಂದು ಕಾರ್ಡು ಬರತೊಡಗಿತು. ಜನ ಮುಗಿಬಿದ್ದು ನೋಡಿದ ಸಿನೆಮಾಗಳ ಪಾತ್ರಗಳು: ಡಕಾಯಿತ, ಇನ್ಸ್‌ಪೆಕ್ಟರ್, ಒಕ್ಕಣ್ಣಿನ ಖಳನಾಯಕ, ಕುರುಡಿ ತಾಯಿ, ಹೀಗೆ. ಚಿತ್ರದ ಕೆಳಗೆ ಬಲಕ್ಕಿಷ್ಟು, ಬುದ್ಧಿಗಿಷ್ಟು, ಹೊಡೆದಾಟಕ್ಕಿಷ್ಟು, ಕರುಣೆಗಿಷ್ಟು ಅಂತ ಅಂಕಗಳು. ಇಬ್ಬರು ಎದುರುಬದುರು ಕೂತು ಒಂದೊಂದು ಕಾರ್ಡು ಬಿಡುವುದು. ಯಾರ ಪಾತ್ರಕ್ಕೆ ಅಂಕ ಹೆಚ್ಚೋ ಅವರಿಗೆ ಎರಡೂ ಕಾರ್ಡು. ಇಷ್ಟೇ ಆಟ. ಶಾಲೆ ಬಿಟ್ಟ ಕೂಡಲೇ ಮಕ್ಕಳೆಲ್ಲ ನನ್ನ ಕಟ್ಟೆಯ ಮೇಲೆ.

ಒಂದು ಭಾನುವಾರ ಸಿದ್ದಾಪುರದ ಬಸ್ಸಿಳಿದ ಭಾವ ಇದನ್ನು ಕಂಡರು. "ಇದೆಂತದ ತಮಾ, ಹಾಡಹಗಲೇ ಜೂಜು?"

"ಜೂಜಲ್ಲ ಭಾವ. ಗಮ್ಮಿನ ಜೊತೆ ಬಪ್ಪ ಕಾರ್ಡು. ಪುಕ್ಕಟೆ."

ಅಲ್ಲಿಗೆ ಮುಗಿಯಿತು. ಭಾವನ ಪ್ರಕಾರ ಲೋಕದಲ್ಲಿ ಪುಕ್ಕಟೆಯಷ್ಟು ಸಂಶಯಾಸ್ಪದವಾದದ್ದು ಬೇರೆ ಯಾವುದೂ ಇಲ್ಲ. ಪರೀಕ್ಷೆಗೆಂದು ಒಂದು ಪ್ಯಾಕೆಟ್ ಕೊಂಡರು. ಮೋಸ ಪತ್ತೆಯಾಗಲಿಲ್ಲ, ಇನ್ನೊಂದು ಕೊಂಡರು. ಸಂಜೆ ಹೊರಡುವಾಗ ಅವರ ಅಂಗಿಯ ಕಿಸೆ ಉಬ್ಬಿತ್ತು, ಬಾಯಿತುಂಬ ಗಮ್ಮಿತ್ತು, ಮೋಸ ಮಾತ್ರ ಸಿಕ್ಕಿರಲಿಲ್ಲ. ಸಿಗುವವರೆಗೆ ಬಿಡುವ ಪೈಕಿಯೇ ಅವರು?

ಇನ್ನೊಂದು ಸಂಗತಿ ಹೇಳಲೇಬೇಕು. ಭಾವ ಜನ್ಮದಲ್ಲಿ ಒಂದೂ ಸಿನೆಮಾ ನೋಡಿದವರಲ್ಲ. ಕತ್ತಲೆ ಮಾಡಿ ತೋರಿಸುವ ವಸ್ತುವಿನ ಮೇಲೆ ಅವರಿಗೆ ಮೊದಲಿನಿಂದಲೂ ವಿಶ್ವಾಸವಿಲ್ಲ.

ಮೋಸ ಕೊನೆಗೂ ಸಿಕ್ಕಿತು, ಅಂಕಗಳಲ್ಲಿ. "ಈ ಡಕಾಯಿತಂಗೆ ಬುದ್ಧಿ ಇಷ್ಟೇ ಹೇಳಿ ಅಂಕೆ ಹಾಕಿದ್ದು ಯಾರು? ಅಂವ ಇವನ ಹತ್ರ ಮಾತಾಡಿ ನೋಡಿದ್ನಾ?" ಅಂತ ಕೇಳಿದರು. ಉತ್ತರ ಕೊಟ್ಟವರು ಅವತ್ತು ಅಂಗಡಿಯಲ್ಲಿದ್ದ ಯಲ್ಲಾಪುರದ ಭಟ್ಟರು.

ಭಟ್ಟರು ನಿವೃತ್ತ ಕನ್ನಡ ಮಾಸ್ತರರು, ಭಾವನ ಹಳೆಯ ಜೋಡಿ. ಇಬ್ಬರೂ ತಾಳಮದ್ದಳೆಯ ಅರ್ಥದಾರಿಗಳು. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕೂತು, ಒಬ್ಬ ಒಂದು ಪಾತ್ರವಾಗಿ, ಇನ್ನೊಬ್ಬ ಎದುರು ಪಾತ್ರವಾಗಿ ಮಾತಿನಲ್ಲೇ ಯುದ್ಧ ಮಾಡುವುದು. ಆ ಮಾತಿಗೇ ಅರ್ಥ ಅನ್ನುತ್ತಾರೆ. ಮೂರು ತಾಲೂಕಿನಲ್ಲಿ ಇವರಿಬ್ಬರು ಎದುರು ಕೂತರೆ ಭಾಗವತರು ಪದ ಹಾಡಲು ಸಂದು ಸಿಗದೆ ಎಲೆ ಅಡಿಕೆ ಹಾಕುತ್ತ ಕೂರುತ್ತಿದ್ದರು ಅಂತ ಪ್ರತೀತಿ. ಭಟ್ಟರು ಭಾವನ ಕೈಯಿಂದ ಕಾರ್ಡು ತೆಗೆದುಕೊಂಡು, ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಅಂಕೆ ಬಿಡು. ಅರ್ಥ ಹೇಳನ. ಗೆದ್ದವಂಗೆ ಕಾರ್ಡು."

ಅಂದಿನಿಂದ ನನ್ನ ಅಂಗಡಿ ಅಂಗಡಿಯಾಗಿ ಉಳಿಯಲಿಲ್ಲ. ಪ್ರತಿ ಭಾನುವಾರ ಝೆರಾಕ್ಸ್ ಮಷೀನಿನ ಆಚೆಗೊಬ್ಬರು, ಈಚೆಗೊಬ್ಬರು. ಮನೆಮಾತಿನಲ್ಲಿ ಕುಶಲ ಕೇಳಿಕೊಂಡವರು ಕಾರ್ಡು ಕೈಗೆ ಬಂದದ್ದೇ ಗ್ರಂಥದ ಕನ್ನಡಕ್ಕೆ ಏರಿಬಿಡುತ್ತಿದ್ದರು.

"ಎಲೈ ಇನ್ಸ್‌ಪೆಕ್ಟರನೇ," ಅಂತ ಭಾವ ಡಕಾಯಿತನಾಗಿ ಶುರುಮಾಡುವರು, "ಸೊಂಟದ ಪಿಸ್ತೂಲು ಸರಕಾರದ್ದು. ತಲೆಯ ಟೊಪ್ಪಿಗೆ ಸರಕಾರದ್ದು. ನಿನ್ನದೆಂಬುದು ಮೀಸೆಯೊಂದೇ. ಆ ಬಂಡವಾಳದಲ್ಲಿ ನನ್ನನ್ನು ಸೆರೆಹಿಡಿಯಲು ಬಂದೆಯಾ?"

"ಎಲವೋ ಡಕಾಯಿತ, ಕದ್ದ ಕುದುರೆಯ ಮೇಲೆ ಕುಳಿತು ಸ್ವಂತ ಆಸ್ತಿಯ ಮಾತೇ? ಮೊದಲು ಕೆಳಗಿಳಿ. ನಿಂತ ನೆಲವಾದರೂ ನಿನ್ನದೋ ನೋಡೋಣ."

ಫೋನ್ ಮಾಡಲು ಬಂದವರು ಫೋನ್ ಮರೆತು ನಿಲ್ಲುತ್ತಿದ್ದರು. ಹಾವೇರಿ ಕಡೆಯ ಒಬ್ಬರು ಮಾತ್ರ ಜಮೀನಿನ ಉತಾರದ ಪ್ರತಿ ಹಿಡಿದು ನಿಂತೂ ನಿಂತೂ ಸಾಕಾಗಿ, "ಮೊದ್ಲ ನನ್ನ ಝೆರಾಕ್ಸ್ ಕೊಡ್ರಿ. ಕೋರ್ಟು ಆಮ್ಯಾಲೆ ನಡಸ್ರಿ" ಅಂದರು. ಒಕ್ಕಣ್ಣಿನ ಖಳನಾಯಕನ ಪರವಾಗಿ ಭಾವ ಹೇಳಿದ ಅರ್ಥ ಕೇಳಿ ಒಬ್ಬ ಹೈಸ್ಕೂಲು ಹುಡುಗಿ ಕಣ್ಣೊರೆಸಿಕೊಂಡಳು. ಆ ಸಿನೆಮಾವನ್ನು ಆಕೆ ನೋಡಿದ್ದಳು. "ಸಿನೆಮಾದಲ್ಲಿ ಅವನನ್ನ ಸುಮ್ಮನೆ ಕೊಂದ್ರು" ಅಂತ ಬೇಸರಪಟ್ಟಳು!

ಆಟ ಮುಂದುವರಿದ ಹಾಗೆ ಭಾವನ ಸಂಶಯವೂ ಬೆಳೆಯಿತು. ಸಿದ್ದಾಪುರದಲ್ಲಿ ಕೊಂಡ ಪ್ಯಾಕೆಟ್ಟುಗಳಲ್ಲಿ ಬರೀ ಖಳರೇ ಬರುತ್ತಾರೆ, ನಾಯಕರನ್ನೆಲ್ಲ ಕಂಪನಿ ಶಿರಸಿಗೇ ಕಳಿಸುತ್ತದೆ ಅನ್ನುವುದು ಅವರ ಶೋಧನೆ. "ಎಂಗಳ ಊರು ಕಂಡ್ರೆ ಕಂಪನಿಗೆ ಎಂತಾ ದ್ವೇಷ?" ಅಂತ ನೊಂದುಕೊಂಡರು. ಭಟ್ಟರು ಸಮಾಧಾನ ಹೇಳಿದರು: "ನಿಂಗಕ್ಕೆ ಖಳರಾದ್ರೂ ಇದ್ದ. ಯಲ್ಲಾಪುರಕ್ಕೆ ಬರೀ ಹಾಸ್ಯದವೇ ಬತ್ತ."

ಆಮೇಲೆ ಸಂಶಯ ನನ್ನ ಮೇಲೆ ತಿರುಗಿತು. ಒಳ್ಳೆಯ ಕಾರ್ಡುಗಳನ್ನು ನಾನೇ ಎತ್ತಿಟ್ಟು ಪ್ಯಾಕೆಟ್ ಮತ್ತೆ ಅಂಟಿಸುತ್ತೇನಂತೆ. ಹೆಂಡತಿಯ ತಮ್ಮ ಅಂದಮೇಲೆ ನಂಬಿಕೆಯ ಪ್ರಶ್ನೆಯೇ ಇಲ್ಲವಲ್ಲ! ಪ್ಯಾಕೆಟ್ಟುಗಳನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. ಕಿವಿಯ ಹತ್ತಿರ ಅಲ್ಲಾಡಿಸಿದರು. ಕೊನೆಗೆ ಆಸ್ಪತ್ರೆಯಿಂದ ಔಷಧದ ಪುಡಿ ತೂಗುವ ಪುಟ್ಟ ತಕ್ಕಡಿಯನ್ನೇ ಚೀಲದಲ್ಲಿ ತಂದು ಡಬ್ಬಿಯಲ್ಲಿದ್ದುದನ್ನೆಲ್ಲ ತೂಗಿ, ಎಲ್ಲಕ್ಕಿಂತ ಭಾರದ್ದನ್ನು ಆರಿಸಿದರು. ಒಡೆದರೆ ಅದರಲ್ಲಿ ಗಮ್ಮು ಎರಡಿತ್ತು, ಕಾರ್ಡೇ ಇರಲಿಲ್ಲ.

ಅವರು ಹುಡುಕುತ್ತಿದ್ದದ್ದು ಜಡ್ಜ್ ಕಾರ್ಡು. ಕಾರ್ಡುಗಳ ಹಿಂದೆ ಕ್ರಮಸಂಖ್ಯೆ, ಜೊತೆಗೆ ಎಲ್ಲ ಪಾತ್ರಗಳ ಪಟ್ಟಿ ಇತ್ತು. ಭಾವನ ಹತ್ತಿರ ಉಳಿದವರೆಲ್ಲ ಬಂದು ಕೂತಿದ್ದರು, ಜಡ್ಜ್ ಒಬ್ಬನಿಗೆ ಜಾಗ ಖಾಲಿ. ಶಿರಸಿಯಲ್ಲಿಲ್ಲ, ಸಿದ್ದಾಪುರದಲ್ಲಿಲ್ಲ. ಕಂಪನಿ ಬೇಕೆಂದೇ ಅವನನ್ನು ಮುದ್ರಿಸಿಲ್ಲ ಅಂತ ಭಾವ ತೀರ್ಮಾನಕ್ಕೆ ಬರುವ ಹೊತ್ತಿಗೆ ಭಟ್ಟರು ಕಿಸೆಯಿಂದ ನಿಧಾನವಾಗಿ ಒಂದು ಕಾರ್ಡು ಹೊರತೆಗೆದರು. ಕರಿ ನಿಲುವಂಗಿ, ಕೈಯಲ್ಲಿ ಸುತ್ತಿಗೆ, ಮುಖದ ಮೇಲೆ ಅರೆನಿದ್ದೆ. ಸಾಕ್ಷಾತ್ ಜಡ್ಜ್!

"ಎಲ್ಲಿ ಸಿಕ್ತು?"

"ಯಲ್ಲಾಪುರದಲ್ಲೇ. ನೋಡು, ಬರೀ ಹಾಸ್ಯದವೇ ಅಲ್ಲ."

ಭಾವ ಬದಲಿಗೆ ಮೂವರು ನಾಯಕರನ್ನು ಕೊಡಲು ಬಂದರು. ಭಟ್ಟರು ಒಪ್ಪಲಿಲ್ಲ. "ಅರ್ಥ ಹೇಳಿ ಗೆಲ್ಲು. ಕೊಡ್ತೆ." ಅವತ್ತಿನ ವಾದ ನಾನು ಕೇಳಿದ್ದರಲ್ಲೆಲ್ಲ ದೊಡ್ಡದು. ಭಾವ ಡಕಾಯಿತನಿಂದ ಕುರುಡಿ ತಾಯಿಯವರೆಗೆ ಎಲ್ಲರನ್ನೂ ಕಟಕಟೆಗೆ ಹತ್ತಿಸಿದರು. ಜಡ್ಜ್ ಒಬ್ಬೊಬ್ಬರನ್ನೇ ಇಳಿಸಿ ಕಳಿಸಿದ. ಸಿದ್ದಾಪುರದ ಕೊನೆಯ ಬಸ್ಸು ಹೊರಡುವ ಸಮಯವಾದರೂ ಇತ್ಯರ್ಥವಿಲ್ಲ. ಆಗ ಭಾವ ಹೇಳಬಾರದ ಮಾತೊಂದನ್ನು ಹೇಳಿದರು: "ಈ ಜಡ್ಜ್ ಅಸಲಿ ಹೇಳಿ ಯಂಗೆ ನಂಬಿಕೆ ಇಲ್ಲೆ. ನೀನೇ ಎಲ್ಲೋ ಛಾಪಿಸ್ಕಂಡು ಬೈಂದೆ."

ಭಟ್ಟರು ಕಾರ್ಡನ್ನು ಕಿಸೆಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಟುಹೋದರು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಝೆರಾಕ್ಸ್ ಮಷೀನಿನ ಈಚೆ ಭಾವ ಒಬ್ಬರೇ ಕಾರ್ಡು ಜೋಡಿಸುತ್ತ ಕೂತಿದ್ದರು.

ಆಮೇಲೊಂದು ದಿನ ನನ್ನ ಬೂತಿಗೇ ಫೋನ್ ಬಂತು. ಭಟ್ಟರ ಹೆಂಡತಿ. ಭಟ್ಟರಿಗೆ ಲಕ್ವ ಹೊಡೆದಿದೆ, ಬಲಭಾಗ ಬಿದ್ದುಹೋಗಿದೆ, ಮಾತು ಪೂರ್ತಿ ನಿಂತಿದೆ. ನಾನು ಸಿದ್ದಾಪುರಕ್ಕೆ ಫೋನ್ ಮಾಡಿ ತಿಳಿಸಿದೆ. ಭಾವ ಹೇಳಿದರು: "ಅವಂಗೆ ಎಂತೂ ಆಯ್ದಿಲ್ಲೆ. ಯನ್ನ ಮೇಲಿನ ಸಿಟ್ಟು. ಎದುರಿನವನ ಮಾತಿಗೆ ಉತ್ತರ ಕೊಡದೇ ಸುಮ್ನೆ ಕೂತು ಸೋಲಿಸದು ಅರ್ಥದಾರಿಯ ಹಳೇ ಉಪಾಯ. ಆನು ನೋಡಿದ್ನಿಲ್ಯ?"

ಭಾನುವಾರ ಇಬ್ಬರೂ ಯಲ್ಲಾಪುರಕ್ಕೆ ಹೋದೆವು. ಭಟ್ಟರು ಹೊರಕೋಣೆಯ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ತುಟಿ ಒಂದು ಕಡೆ ವಾಲಿತ್ತು. "ಎಲ್ಲ ತಿಳೀತು ಅವಕ್ಕೆ. ಬಾಯಿಗೆ ಮಾತೊಂದು ಬತ್ತಿಲ್ಲೆ" ಅಂದರು ಅವರ ಹೆಂಡತಿ. ಡಾಕ್ಟರರು ಏನು ಹೇಳಿದ್ದಾರೆ ಅಂತ ನಾನು ಕೇಳಿದೆ. ಇನ್ನು ಮಾತು ಬರುವುದು ಕಷ್ಟ ಅಂದಿದ್ದಾರಂತೆ. "ಯಾವ ಡಾಕ್ಟರು? ಅಂವ ಓದಿದ್ದು ಎಲ್ಲಿ?" ಅಂತ ಭಾವ ಕೇಳಿದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಭಾವ ಮಂಚದ ಎದುರು ಕುರ್ಚಿ ಎಳೆದುಕೊಂಡು ಕೂತರು. ಕಿಸೆಯಿಂದ ಇನ್ಸ್‌ಪೆಕ್ಟರನನ್ನು ತೆಗೆದು ಭಟ್ಟರ ಎಡಗೈಯಲ್ಲಿ ಇಟ್ಟರು. ತಾವು ಡಕಾಯಿತನನ್ನು ಹಿಡಿದು ಗಂಟಲು ಸರಿಮಾಡಿಕೊಂಡರು. "ಎಲೈ ಇನ್ಸ್‌ಪೆಕ್ಟರನೇ, ಈ ಕುದುರೆ ನನ್ನದು. ಯಾಕೆಂದರೆ ಇದರ ಬಾಲ ಉದ್ದವಾಗಿದೆ."

ನಾನು ಬೆಚ್ಚಿಬಿದ್ದೆ. ಇಷ್ಟು ದಡ್ಡ ಅರ್ಥವನ್ನು ಭಾವನ ಬಾಯಲ್ಲಿ ಎಂದೂ ಕೇಳಿರಲಿಲ್ಲ. ಝೆರಾಕ್ಸ್ ತೆಗೆಯುವ ನಾನೇ ಇದಕ್ಕೆ ಉತ್ತರ ಹೇಳಬಲ್ಲೆ! ಭಾವ ಭಟ್ಟರ ಮುಖವನ್ನೇ ನೋಡುತ್ತ ಕಾದರು. ಭಟ್ಟರ ಹುಬ್ಬು ಸ್ವಲ್ಪ ಏರಿತು. ಗಂಟಲ ಗಂಟು ಮೇಲೆ ಕೆಳಗೆ ಆಡಿತು. ಮಾತು ಬರಲಿಲ್ಲ.

ಆಮೇಲೆ ಪ್ರತಿ ಭಾನುವಾರ ಸಿದ್ದಾಪುರದಿಂದ ಶಿರಸಿ, ಶಿರಸಿಯಿಂದ ಯಲ್ಲಾಪುರ. ನಾನೂ ಅಂಗಡಿ ಮುಚ್ಚಿ ಜೊತೆಗೆ ಹೋಗುತ್ತಿದ್ದೆ. ವಾರದಿಂದ ವಾರಕ್ಕೆ ಭಾವನ ಅರ್ಥ ಹಾಳಾಗುತ್ತ ಹೋಯಿತು. ಕುರುಡಿ ತಾಯಿ ಕಳ್ಳಸಾಗಣೆ ಮಾಡುತ್ತಾಳೆ ಅಂದರು. ಸಂಧಿ ತಪ್ಪಿದರು, ವಿಭಕ್ತಿ ತಪ್ಪಿದರು. ಕನ್ನಡ ಮಾಸ್ತರರ ಎದುರು! ಎಲ್ಲಾದರೂ ಒಂದು ಕಡೆ ಭಟ್ಟರಿಗೆ ತಡೆಯಲಾಗದೆ ಸಿಟ್ಟು ಬರಬೇಕು, ಬಂದ ಸಿಟ್ಟಿಗೆ ಬಾಯಿ ತೆರೆಯಬೇಕು, ಅಡಗಿಸಿಟ್ಟ ಮಾತು ಹೊರಬೀಳಬೇಕು. ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಭಾವ ಯಾಕೆ ಡಾಕ್ಟರರನ್ನು ನಂಬುತ್ತಿಲ್ಲ ಅನ್ನುವುದು ನನಗೆ ಆಗ ತಿಳಿಯಿತು.

ಒಂದು ಭಾನುವಾರ ಭಾವ ಇನ್ನೂ ಶುರುಮಾಡಿರಲಿಲ್ಲ. ಭಟ್ಟರ ಎಡಗೈ ದಿಂಬಿನ ಅಡಿಗೆ ಹೋಯಿತು, ತಡಕಾಡಿ ಹೊರಬಂತು. ಬೆರಳ ಸಂದಿಯಲ್ಲಿ ಜಡ್ಜ್ ಇದ್ದ. ಕೈ ಮುಂದೆ ಬಂದು ಭಾವನ ತೊಡೆಯ ಮೇಲೆ ಕಾರ್ಡನ್ನು ಇಟ್ಟಿತು. ಭಟ್ಟರ ಕಣ್ಣಿನಲ್ಲಿ ನೀರಿತ್ತು. ತಗೋ, ಇನ್ನು ನನ್ನಿಂದಾಗದು ಅನ್ನುವುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಅರ್ಥದಾರಿಯೂ ಹೇಳಲಾರ.

ಭಾವ ಅದನ್ನು ಎರಡೂ ಕೈಯಿಂದ ಎತ್ತಿ ಭಟ್ಟರ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು. "ಬ್ಯಾಡ. ಆನು ತಗತ್ನಿಲ್ಲೆ. ಜಡ್ಜ್ ಬಂದ್ರೆ ವಾದ ಮುಗೀತು. ನಮ್ಮದು ಇನ್ನೂ ಮುಗದ್ದಿಲ್ಲೆ. ಬಪ್ಪ ಭಾನುವಾರ ಬತ್ತೆ, ಉತ್ತರ ತಯಾರು ಮಾಡಿ ಇಟ್ಗ" ಅಂದು ಎದ್ದರು.

ಬಸ್ಸು ದಾರಿಯಲ್ಲಿ ಸಿಗುವ ಮಂಚಿಕೇರಿ ದಾಟುವವರೆಗೂ ಭಾವ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಕೊನೆಗೆ ಮುಖ ತಿರುಗಿಸದೇ ಕೇಳಿದರು, "ಅಂವ ಅಷ್ಟು ಸುಲಭಕ್ಕೆ ಬಿಟ್ಟುಕೊಡವ ಅಲ್ಲ ತಮಾ. ಎಂತೋ ಹೂಡಿಟ್ಟಿದ್ದ. ಒಂದು ದಿನ ಮಾತಾಡೇ ಆಡ್ತ. ಅಲ್ದಾ?"

"ಖಂಡಿತ ಆಡ್ತ ಭಾವ. ಇವತ್ತು ತುಟಿ ಅಲ್ಲಾಡಿದ್ದು ಆನೇ ನೋಡಿದ್ದೆ" ಅಂದೆ. ನಾನು ಹಾಗೇನೂ ನೋಡಿರಲಿಲ್ಲ.

ಭಾವ ಯಾವ ತುಟಿ, ಎಷ್ಟು ಅಲ್ಲಾಡಿತು, ಯಾವಾಗ ಅಂತ ಒಂದೂ ಪ್ರಶ್ನೆ ಕೇಳಲಿಲ್ಲ. ನನ್ನ ಕೈ ಹಿಡಿದುಕೊಂಡು, ಶಿರಸಿ ಬರುವವರೆಗೂ ಹಾಗೇ ಕೂತಿದ್ದರು.